ಬಡಬಡಿಸುವ ಕೆಟ್ಲಿ ಬೇಕಾಗಿದೆ

ಮಗನಿಗೆ ಹೆಣ್ಣು ಆರಿಸಲು ನಮ್ಮ ಸೋದರತ್ತೆಗೆ ಅರ್ಧ ಗಂಟೆ ಸಾಕಾಗಿತ್ತು. ಕಟ್ಟಿಗೆ ಒಲೆಗೊಂದು ಕೆಟ್ಲಿ ಆರಿಸಲು ಸುರಪುರ, ಯಾದಗಿರಿ, ಶಹಾಪುರ ಮೂರೂ ಊರು ಬೇಕಾದವು! ಮೂರೂ ಕಡೆ ಚೀಲ ಹಿಡಿದು ಹಿಂದೆ ಅಲೆದವನು ನಾನೇ. ಅಲ್ಲ, ಯಾದಗಿರಿಗೆ ನಾನು ಹೋಗಿರಲಿಲ್ಲವೇನೋ. ಅವಳು ಹೇಳಿದ್ದನ್ನೇ ಕಂಡಂತೆ ನೆನಪಿಟ್ಟುಕೊಂಡಿರಬಹುದು. ಅತ್ತೆಯ ವರ್ಣನೆ ಅಂಥದ್ದು.

ಅವಳ ಕಣ್ಣು ಮಂಜಾಗಿ ವರ್ಷವಾಯಿತು. ಆಪರೇಷನ್ನಿಗೂ ಬಗ್ಗದ ಮಂಜು. ಹಳೆಯ ಪಾತ್ರೆಯ ಚಹಾ ಉಕ್ಕಿ ಕೈ ಸುಟ್ಟ ದಿನ ಮಗ ಕಡ್ಡಿ ಮುರಿದಂತೆ ಹೇಳಿಬಿಟ್ಟ:

"ಯವ್ವಾ, ಇನ್ನೊಮ್ಮಿ ಸುಟ್ಕೊಂಡ್ರ ಒಲಿ ಒಡದು ಹಾಕ್ತೀನಿ. ಗ್ಯಾಸಿನ ಮ್ಯಾಲ ನಿನ್ನ ಸೊಸಿ ಚಾ ಮಾಡಿ ಕೊಡ್ತಾಳ."

"ಕೈ ಸುಟ್ರ ನಾ ಸಾಯೂದಿಲ್ಲ. ಅಕಿ ಚಾ ಕುಡದ್ರ ಸಾಯ್ತೀನಿ!"

ನಾವು ನಕ್ಕೆವು. ಆದರೆ ಆ ಮನೆಯಲ್ಲಿ ಅವಳ ಪಾಲಿಗೆ ಉಳಿದಿದ್ದ ಕೆಲಸ ಬೆಳಗಿನ ಚಹಾ ಒಂದೇ. ಅದೂ ಹೋದರೆ ಅವಳು ಏಕೆ ಏಳಬೇಕು?

ಸುರಪುರದ ಪಾತ್ರೆ-ಭಾಂಡೆ ಅಂಗಡಿಯವನು ಫಳಫಳ ಸ್ಟೀಲಿನದು ತೋರಿಸಿದ. ಅತ್ತೆ ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಗುಂಡಿ ಮುಟ್ಟಿ, "ನನ್ನ ಒಲಿ ಮುಂದ ಇದು ಕರಗಿ ಚಾದಾಗ ಬೀಳ್ತದ" ಎಂದು ಎದ್ದಳು. ಯಾದಗಿರಿಯಲ್ಲಿ ಕೆಟ್ಲಿಯನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಮೂತಿ ಎಲ್ಲಿದೆಯೆಂದು ತಡಕಿದಳು, ಉರಿ ತಾಗುವಷ್ಟು ಕೆಳಗಿತ್ತು. ಮೈಮೇಲೆ ದೇವರು ಬಂತೆಂದು ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಇಳಿದು ಕೈಮುಗಿದನಂತೆ!

ಶಹಾಪುರದಲ್ಲಿ ಸಿಕ್ಕಿದ್ದು ಜರ್ಮನ್ ಕೆಟ್ಲಿ. ಅಲ್ಯೂಮಿನಿಯಂಗೆ ನಮ್ಮ ಕಡೆ ಹಾಗೇ ಅನ್ನುವುದು. ಅಗಲ ತಳ, ಉರಿ ತಾಗದಷ್ಟು ಮೇಲಿರುವ ಮೂತಿ. ಆದರೂ ಅತ್ತೆ ಮುಚ್ಚಳ ಅಲ್ಲಾಡಿಸಿ, ಇನ್ನೂ ಸಡಿಲದ್ದು ಕೊಡು ಎಂದಳು.

"ಆಯಿ, ಎಲ್ಲಾರೂ ಬಿಗಿ ಮುಚ್ಚಳ ಕೇಳ್ತಾರ. ನೀವು ಸಡಿಲ ಕೇಳಾಕತ್ತೀರಲ್ರಿ?"

"ಬಿಗಿ ಇದ್ರ ಕುದ್ದದ್ದು ಹೇಳೂದಿಲ್ಲಪಾ. ನನಗ ಬಡಬಡಿಸೂದು ಬೇಕು."

"ಹಂಗಂದ್ರ ನಮ್ಮ ಮನ್ಯಾಕಿನ್ನ ಕರ್ಕೊಂಡು ಹೋಗ್ರಿ!"

"ಅಕಿಗಿ ಚಾ ಮಾಡಾಕ ಬರ್ತದೇನು?"

ಅಂಗಡಿ ತುಂಬ ನಗು. ನಾನೂ ನಕ್ಕೆನೆಂದು ನನ್ನ ದಿನಚರಿಯಲ್ಲಿ ಬರೆದಿದೆ. ಇಷ್ಟು ಲೆಕ್ಕಾಚಾರದವಳನ್ನು ಇಷ್ಟು ವರ್ಷ ತಿಕ್ಕಲು ಎಂದುಕೊಂಡಿದ್ದೆನಲ್ಲ, ಅದನ್ನು ಮಾತ್ರ ಬರೆದಿಲ್ಲ.

ಮರುದಿನ ಬೆಳಿಗ್ಗೆ ತೊಗರಿ ಕಟ್ಟಿಗೆ ಉರಿಯಿತು. ಮುಚ್ಚಳ ಬಡಬಡಿಸಿತು. ಅತ್ತೆ ಸೆರಗು ಸುತ್ತಿ ಕೆಟ್ಲಿ ಇಳಿಸಿದಳು. ಕಪ್ಪು ತುಂಬುವ ಸದ್ದಿಗೆ ಕಿವಿಗೊಟ್ಟು ಬಗ್ಗಿಸಿದಳು. ಒಂದು ಕಪ್ಪು, ಎರಡು ಕಪ್ಪು, ಅಂಚಿಗೆ ಬೆರಳಷ್ಟು ಬಿಟ್ಟು ಸರಿಯಾಗಿ ನಿಂತವು. ಮೂರನೆಯದು ಮಗನಿಗೆ. ಅಷ್ಟರಲ್ಲಿ ರಸ್ತೆಯಲ್ಲೊಂದು ಟ್ರ್ಯಾಕ್ಟರ್ ಗುಡುಗುತ್ತ ಹೋಯಿತು. ಕಪ್ಪು ತುಂಬಿ, ಚಹಾ ಹಾಸುಗಲ್ಲಿನ ಮೇಲೆ ಹರಿಯಿತು.

ಟ್ರ್ಯಾಕ್ಟರ್ ದೂರವಾದಾಗ ಅತ್ತೆಯ ಕೈ ಗಾಳಿಯಲ್ಲೇ ನಿಂತಿತ್ತು.

"ಚೆಲ್ತೇನೋ?"

ಮಗ ಹೆಗಲ ಮೇಲಿನ ಟವೆಲ್ಲನ್ನು ಸದ್ದಿಲ್ಲದೆ ಕಲ್ಲಿನ ಮೇಲೆ ಒತ್ತಿದ.

"ಎಲ್ಲೀದವ್ವಾ? ಒಂದು ಹನಿ ಚೆಲ್ಲಿಲ್ಲ."

ಹೇಳಿ, ಒಲೆಗೆ ಇನ್ನೊಂದು ಕಟ್ಟಿಗೆ ಸರಿಸಿದ.