ಎಣ್ಣೆಯೊಳಗಿನ ಕಸದ ಡಾಕ್ಟರು

ನಮ್ಮ ಮೊಮ್ಮಗಳು ಇವತ್ತು ಮಧ್ಯಾಹ್ನ ಡಾಕ್ಟರ್ ಆದಳು! ಶಿವಮೊಗ್ಗದಿಂದ ಅವಳ ಫೋನು ಬಂದಾಗಿನಿಂದ ಸಾಗರ ಪೇಟೆಯಲ್ಲಿ ನಾನು ಯಾರನ್ನೂ ಸುಮ್ಮನೆ ಬಿಟ್ಟಿಲ್ಲ. ಹೂವಿನವಳಿಗೆ ಹೇಳಿದರೆ ತನ್ನ ಮಂಡಿನೋವಿನ ಕತೆ ಶುರು ಮಾಡಿದಳು. ಅಂಥ ಡಾಕ್ಟರಲ್ಲಮ್ಮ, ಎಣ್ಣೆಯೊಳಗೆ ಕಸ ಹಾಕಿ, ಕರೆಂಟು ಕೊಟ್ಟು, ಆ ಕಸ ಎತ್ತ ಹೋಗುತ್ತದೆ ಅಂತ ಐದು ವರ್ಷ ನೋಡಿದ ಡಾಕ್ಟರು ಅಂದೆ. ಒಂದು ಮೊಳ ಹೂವು ಹೆಚ್ಚಿಗೆ ಕೊಟ್ಟಳು. ಸಂತೋಷಕ್ಕೋ ಕನಿಕರಕ್ಕೋ ಗೊತ್ತಾಗಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೋಟಾರು, ಟಿಸಿಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು. ಟಿಸಿ ಅಂದರೆ ಕಂಬದ ಮೇಲೆ ಕೂತು ಗುಂಯ್ ಅನ್ನುವ ಆ ದೊಡ್ಡ ಡಬ್ಬ. ಅದರ ಹೊಟ್ಟೆ ತುಂಬ ಎಣ್ಣೆ. ಕರೆಂಟು ಹರಿಯಬಾರದ ಕಡೆ ಹರಿಯದ ಹಾಗೆ ತಡೆಯಲಿಕ್ಕೇ ಆ ಎಣ್ಣೆ ಇರುವುದು. ಅದರೊಳಗೆ ಲೋಹದ ಪುಡಿ ಬಿದ್ದರೆ ಏನಾಗುತ್ತದೆ? ಮೊಮ್ಮಗಳು ಕಾಲೇಜಿನಲ್ಲಿ ಹಿಡಿದ ವಿಡಿಯೋ ತೋರಿಸಿದ್ದಾಳೆ. ಎಣ್ಣೆಯಲ್ಲಿ ಮೇಲೊಂದು ಕೆಳಗೊಂದು ತಟ್ಟೆ. ಕರೆಂಟು ಏರಿಸುತ್ತಾ ಹೋದ ಹಾಗೆ ಕೆಳಗೆ ಮಲಗಿದ್ದ ಚೂರು ಮೆಲ್ಲಗೆ ಎದ್ದು ನಿಲ್ಲುತ್ತದೆ. ಮೇಲಿನ ತಟ್ಟೆಗೆ ಹಾರುತ್ತದೆ. ಮುಟ್ಟಿದ್ದೇ ವಾಪಸ್ಸು. ಹೋಗುವಾಗ ಒಂದು ಬಗೆಯ ಕರೆಂಟು ಹೊತ್ತಿರುತ್ತದಂತೆ, ಬರುವಾಗ ಇನ್ನೊಂದು ಬಗೆಯದು. ನಮ್ಮ ಹೊಸನಗರದ ಬಸ್ಸಿನ ಹಾಗೆ, ಯಾವ ಕಡೆಗೂ ಖಾಲಿ ಓಡುವುದೇ ಇಲ್ಲ. ಚೂರುಗಳು ಹೆಚ್ಚಾದರೆ ಒಂದಕ್ಕೊಂದು ಅಂಟಿಕೊಂಡು ಸರಪಳಿಯಾಗುತ್ತವೆ. ಆ ಸರಪಳಿ ಈ ತಟ್ಟೆಯಿಂದ ಆ ತಟ್ಟೆ ಮುಟ್ಟಿತೋ, ಢಂ! ಊರಿಗೆಲ್ಲ ಕತ್ತಲೆ.

ದಿನವಿಡೀ ಇದನ್ನೇ ನೋಡುವ ಹುಡುಗಿ ಮನೆಯಲ್ಲಿ ಸರಿಯಾಗಿ ಇರುತ್ತಾಳೆಯೇ? ಇವಳ ಸೋದರತ್ತೆ, ಅಂದರೆ ನನ್ನ ಮಗಳು, ತೀರ್ಥಹಳ್ಳಿಯಲ್ಲಿದ್ದಾಳೆ. ಅಲ್ಲಿಗೆ ಒಮ್ಮೆ ಇವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಒಗ್ಗರಣೆ ಹಾಕಲು ಒಳಗೆ ಹೋದವಳು ಬರಲೇ ಇಲ್ಲ. ಹೋಗಿ ನೋಡಿದರೆ ಸೌಟು ಹೊಗೆಯಾಡುತ್ತಿದೆ, ಸಾಸಿವೆ ಇದ್ದಿಲಾಗಿದೆ. ಇವು ಶಾಖಕ್ಕೆ ಹಾರುವವು, ನಮ್ಮವು ಕರೆಂಟಿಗೆ ಹಾರುವವು ಅಂತ ಅತ್ತೆಗೆ ಪಾಠ ನಡೆದಿದೆ. ಹೊರಗೆ ಬಂದು ಹುಡುಗನಿಗೂ ಅದೇ ಪಾಠ. ಅವನು ಕಾಫಿ ಮುಗಿಸದೆ ಎದ್ದ. ಪೂರ್ತಿ ಕೇಳಿಸಿಕೊಂಡಿದ್ದರೆ ಅವನಿಗೇ ಉಪಯೋಗ ಆಗುತ್ತಿತ್ತು ಅಂತ ಇವಳಿಗೆ ಬೇಜಾರು.

ಇನ್ನು ನನ್ನ ಘನಕಾರ್ಯ. ಹೋದ ವರ್ಷ ರಜೆಗೆ ಬಂದವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಭೂತಗನ್ನಡಿಯಲ್ಲಿ ನೋಡಿ ನೋಡಿ, ತಾಮ್ರದ ಚೂರುಗಳನ್ನು ಒಂದೇ ಅಳತೆಗೆ ಆರಿಸಿ ಬಾಟಲಿಯ ಎಣ್ಣೆಗೆ ಹಾಕಿಟ್ಟಿದ್ದಳು. ಅವಳು ಊಟಕ್ಕೆ ಹೋದಾಗ ನಾನು ಕಂಡೆ. ತಳದಲ್ಲಿ ಕಸ! ಟಿಸಿ ಎಣ್ಣೆಯಲ್ಲಿ ಕಸ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಪಂಚೆಯನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು ಒಣಗಲೂ ಹಾಕಿದೆ.

"ಅಜ್ಜ, ಇದರಲ್ಲಿದ್ದಿದ್ದು ಎಲ್ಲಿ?"

"ಭಾರಿ ಕಸ ಇತ್ತು ಪುಟ್ಟಿ. ಸೋಸಿಟ್ಟೀನಿ."

"ಆ ಕಸಾನೇ ಅಜ್ಜ ನನ್ನ ಓದು."

ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬರೆದಿದ್ದನ್ನು ಕಾಲೇಜಿಗೆ ಒಪ್ಪಿಸಲು ನಾಲ್ಕೇ ತಿಂಗಳು ಉಳಿದಿತ್ತು, ತಪ್ಪಿದರೆ ಓದೇ ರದ್ದು. ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ನಾನು ತಾಮ್ರದ ತಂತಿ, ಅದನ್ನು ಉಜ್ಜಿ ಪುಡಿ ಮಾಡಲು ನುಣುಪಾದ ಅರ ತೆಗೆದುಕೊಂಡು ಜಗಲಿಯಲ್ಲಿ ಕೂತೆ. ಪೊರೆ ತೆಗೆಸಿದ ಕಣ್ಣಿಗೆ ಪುಡಿ ಸರಿಯಾಗಿ ಕಾಣುವುದಿಲ್ಲ. ಅರ ಉಜ್ಜುವುದಕ್ಕೆ ಕಣ್ಣು ಯಾಕೆ? ಸಾಯಂಕಾಲದ ಹೊತ್ತಿಗೆ ಅವಳು ಭೂತಗನ್ನಡಿ ತಂದು ಪಕ್ಕದಲ್ಲಿ ಕೂತಳು. ನಾನು ಉಜ್ಜುವುದು, ಅವಳು ಆರಿಸುವುದು, ಹದಿನೆಂಟು ದಿನ. ಜೀವಮಾನವೆಲ್ಲ ಕಸ ತೆಗೆದವನು ಮುಪ್ಪಿನಲ್ಲಿ ಕಸ ತಯಾರು ಮಾಡಿದೆ!

ಇವತ್ತು ಸಂಜೆ ಬಸ್ಸು ಆನಂದಪುರ ದಾಟಿತು ಅಂತ ಅವಳು ಫೋನು ಮಾಡಿದ ಕೂಡಲೇ ಅವಳ ಅಜ್ಜಿ ಕಡುಬು ಬೇಯಲು ಇಟ್ಟಳು. ತೀರ್ಥಹಳ್ಳಿಯ ಅತ್ತೆ ಮಧ್ಯಾಹ್ನವೇ ಬಂದು ಕೋಳಿ ಸಾರಿಗೆ ಮಸಾಲೆ ಅರೆದಿದ್ದಳು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ದೊಡ್ಡ ದೊಡ್ಡ ಪ್ರೊಫೆಸರುಗಳು ಏನೇನು ಕೇಳಿದರು ಅಂತ ಅವಳು ಹೇಳುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ನಾವೆಲ್ಲ ತಲೆಯಾಡಿಸುತ್ತಿದ್ದೆವು. ಅತ್ತೆ ಸಾರು ತರಲು ಎದ್ದಾಗ ಅವಳು ನನ್ನ ಕಡೆ ಬಗ್ಗಿದಳು.

"ಅವತ್ತು ಓದು ಬಿಡ್ತೀನಿ ಅಂತ ಗೈಡಿಗೆ ಮೆಸೇಜ್ ಬರೆದಿದ್ದೆ ಅಜ್ಜ. ಕಳಿಸೋಕೆ ಸಿಗ್ನಲ್ ಹುಡುಕ್ತಾ ಹೊರಗೆ ಬಂದೆ. ನೀನು ಉಜ್ತಾ ಕೂತಿದ್ದೆ."

ನಾನು ನನ್ನ ತಟ್ಟೆಯ ಕಡುಬನ್ನು ಮುರಿದು ಅರ್ಧ ಅವಳಿಗೆ ಹಾಕಿದೆ. ಅವಳು ಸಾರಿಗೆ ಅದ್ದಿಕೊಂಡು ತಿಂದಳು.