ಬೀಳುವ ಚಿತ್ರ ಬೇಕಾಗಿದೆ

2023ರ ಫೆಬ್ರವರಿ 11, ಶನಿವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ನೀರ್ ಸಾರ್ ಕಂಪ್ಯೂಟರಿನ ಮುಂದೆ ಕೂತು ಕೈ ಕೈ ಹಿಸುಕಿಕೊಂಡರು. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವರಿಗೆ ಕೆಲಸ. ವಠಾರವೆಲ್ಲ ಹೆಸರು ಮರೆತು ಹಾಗೇ ಕರೆಯುತ್ತಿತ್ತು. ಎಲ್ಲರೂ ಸೇರಿ ಬರೆಯುವ ಅಂತರ್ಜಾಲದ ವಿಶ್ವಕೋಶವೊಂದರಲ್ಲಿ ‘ಮಣಿಕಟ್ಟಿನ ಮುರಿತ’ ಎಂಬ ಲೇಖನವನ್ನು ಅವರು ಎರಡು ವರ್ಷದಿಂದ ಮಗುವಿನಂತೆ ಸಾಕಿದ್ದರು. ಇವತ್ತು ಅದಕ್ಕೆ ‘ಉತ್ತಮ ಲೇಖನ’ದ ನಕ್ಷತ್ರ ಸಿಗಬೇಕು. ಹೆಸರು ಹೇಳದ ಪರಿಶೀಲಕನೊಬ್ಬ ಒಂದೇ ಒಂದು ಕೊರತೆ ಎತ್ತಿದ್ದ: “ಅಂಗೈ ಊರಿ ಬೀಳುವುದೇ ಮುಖ್ಯ ಕಾರಣ ಎಂದಿದ್ದೀರಿ. ಬೀಳುವ ಚಿತ್ರ ಎಲ್ಲಿ? ಸಂಜೆಯೊಳಗೆ ಬರದಿದ್ದರೆ ಅರ್ಜಿ ವಜಾ.”

“ಇನ್ನೇನು, ಕ್ಯಾಮೆರಾ ಹಿಡ್ಕೊಂಡು ಬೀದೀಲಿ ಯಾರಾದ್ರೂ ಬೀಳೋದನ್ನ ಕಾಯ್ತೀರಾ?” ಎಂದಳು ಹೆಂಡತಿ.

“ನಾನೇ ಬೀಳ್ತೀನಿ ಕಣೇ. ಹಾಸಿಗೆ ಮೇಲೆ.”

ಸುದ್ದಿ ಹೊಸಿಲು ದಾಟಿದ್ದೇ ತಡ, ಎದುರುಮನೆಯ ಸ್ಟುಡಿಯೋ ಯಜಮಾನರು ಕ್ಯಾಮೆರಾ ಸಮೇತ ಹಾಜರಾದರು. ಜನ್ಮವಿಡೀ ಮದುವೆ ಫೋಟೋ ತೆಗೆದವರು. ಅವರ ಹಿಂದೆಯೇ ಮಹಡಿ ಮನೆಯ ಅಜ್ಜಿ. ಮೂರು ಸಲ ಬಿದ್ದಿದ್ದ ಅಜ್ಜಿಗೆ ಈ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಗತ್ತು.

“ಹಾಗಲ್ಲಪ್ಪಾ ಬೀಳೋದು! ಸೋಫಾ ಮೇಲೆ ಕೂತ ಹಾಗೆ ಬೀಳ್ತೀಯಲ್ಲ! ಬಚ್ಚಲಲ್ಲಿ ನಾನು ಬಿದ್ದದ್ದು ನೀನು ನೋಡ್ಬೇಕಿತ್ತು!”

ಸಾರ್ ಬಿದ್ದರು, ಎದ್ದರು, ಮತ್ತೆ ಬಿದ್ದರು. ಒಮ್ಮೆ ಕಣ್ಣು ಮುಚ್ಚಿತ್ತು. ಒಮ್ಮೆ ಪಾಠ ಹೇಳುತ್ತಿದ್ದ ಅಜ್ಜಿಯ ಕೈ ಅಡ್ಡ ಬಂತು.

“ಹಾಸಿಗೆ ಕಾಣ್ತಿದೆ, ಒಂಚೂರು ಸರಿಸ್ತೀನಿ,” ಎಂದು ಯಜಮಾನರು ಅದನ್ನು ಕಾಲಲ್ಲೇ ತಳ್ಳಿದರು. ಅಷ್ಟರಲ್ಲಿ ಸಾರ್ ನೆಲ ಬಿಟ್ಟಾಗಿತ್ತು.

“ಸ್ವಲ್ಪ ನಗೀ ಸಾರ್!” ಎಂದಿತು ಯಜಮಾನರ ಹಳೇ ಅಭ್ಯಾಸ.

ಹೇಳಿದ ಮಾತು ಕೇಳುವ ಜೀವ ಸಾರ್, ನಕ್ಕರು. ಕ್ಲಿಕ್. ಅಟ್ಟದಿಂದ ಜಾರಿದ ಟ್ರಂಕಿನಂತೆ ಧೊಪ್ಪನೆ ಬಿದ್ದರು. ಲಟಕ್!

“ಭೇಷ್! ಈಗ ಬಿದ್ದೆ ನೋಡು!” ಅಜ್ಜಿ ಚಪ್ಪಾಳೆ ತಟ್ಟಿದರು.

“ಅಯ್ಯಯ್ಯಮ್ಮಾ...”

“ಕೂಗಬೇಡಪ್ಪಾ, ಫೋಟೋದಲ್ಲಿ ಅದೆಲ್ಲ ಕೇಳ್ಸಲ್ಲ.”

ಬಲಗೈ ಸೊಟ್ಟಗಾದದ್ದು ಕಂಡು ಹೆಂಡತಿ ಕಿರುಚಿದಳು. ಸಾರ್ ನೋವಿನಲ್ಲೂ ಹಿಗ್ಗಿದರು: “ಫೋರ್ಕ್ ಮಗುಚಿಟ್ಟ ಹಾಗೇ ಇದೆ ಕಣೇ! ಎರಡನೇ ಪ್ಯಾರಾದಲ್ಲಿ ಸರಿಯಾಗೇ ಬರ್ದಿದ್ದೀನಿ!” ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎಡಗೈಯಿಂದಲೇ ಚಿತ್ರವನ್ನು ವಿಶ್ವಕೋಶಕ್ಕೆ ಏರಿಸಿದರು.

ಮೂಳೆ ಡಾಕ್ಟರು ಪ್ಲಾಸ್ಟರ್ ಸುತ್ತಿ, ಅದು ಒಣಗುವ ತನಕ ಹೊತ್ತು ಹೋಗಲಿ ಎಂದು ಮೊಬೈಲ್ ತೆಗೆದರು. ಮುಖ ಗಂಟಾಯಿತು.

“ಎಂಥಾ ಜನ ರೀ! ಮಣಿಕಟ್ಟಿನ ಲೇಖನಕ್ಕೆ ಚಿತ್ರ ಕೇಳಿದ್ರೆ ಒಬ್ಬ ನಾಟಕ ಆಡಿ ಕಳ್ಸಿದ್ದಾನೆ. ಬೀಳೋನು ಹೀಗೆ ಹಲ್ಲು ಕಿರೀತಾನಾ?”

ಸಾರ್ ಚಂಗನೆ ಎದ್ದರು. “ಪರಿಶೀಲಕರು ನೀವೇನಾ? ಆ ಬೀಳೋನು ನಾನೇ ಡಾಕ್ಟ್ರೇ! ನೀವೀಗ ಕಟ್ಟಿದ್ದು ಅದೇ ಕೈ!”

ಡಾಕ್ಟರು ಚಿತ್ರ ನೋಡಿದರು, ಮುಖ ನೋಡಿದರು, ಎದ್ದು ಬಂದು ಎಡಗೈ ಕುಲುಕಿದರು. “ಎಂಥಾ ಲೇಖನ ಬರೆದ್ರಿ ಸಾರ್! ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಓದಿಸ್ತೀನಿ.”

“ಹಾಗಾದ್ರೆ ನಕ್ಷತ್ರ?”

“ಅದು ಹೇಗಾಗತ್ತೆ? ನಿಯಮ ನಿಮಗೇ ಗೊತ್ತು. ನಾನು ಕಣ್ಣಾರೆ ಕಂಡದ್ದು, ನೀವೇ ಅನುಭವಿಸಿದ್ದು, ಎರಡೂ ಆಧಾರ ಅಲ್ಲ. ನೀವು ಬಿದ್ದ ವಿಷಯ ಎಲ್ಲಾದ್ರೂ ಅಚ್ಚಾಗಿದೆಯಾ?”

“ಇಲ್ಲ,” ಎಂದರು ಸಾರ್. ನ್ಯಾಯವಾದ ಪ್ರಶ್ನೆಯೇ. ಡಾಕ್ಟರು ಅರ್ಜಿ ವಜಾ ಮಾಡಿದರು. ತಮ್ಮಷ್ಟೇ ಹಟಮಾರಿ ಇನ್ನೊಬ್ಬ ಸಿಕ್ಕ ಖುಷಿಗೆ ಸಾರ್‌ಗೆ ಅರ್ಧ ನೋವು ಇಳಿದುಹೋಯಿತು. ಲೇಖನದಲ್ಲಿ ಬರೆದದ್ದಕ್ಕೆ ತಾಳೆ ನೋಡಲು ಇಬ್ಬರೂ ತಲೆಗೆ ತಲೆ ತಾಗಿಸಿ, ಪ್ಲಾಸ್ಟರ್‌ಗೆ ಮುಂಚೆ ತೆಗೆದ ಎಕ್ಸ್‌ರೇ ಮೇಲೆ ಅಳತೆಪಟ್ಟಿ ಇಟ್ಟರು. ಮೂಳೆ ಜರುಗಿದ್ದು ನಾಲ್ಕು ಮಿಲಿಮೀಟರ್.