ಹಳದಿ ಕಂಡಲ್ಲೆಲ್ಲ ತಿದ್ದುಪಡಿ

ಶನಿವಾರ ಮಧ್ಯಾಹ್ನ ಊಟದ ತಟ್ಟೆ ತೆಗೆಯುವ ಮೊದಲೇ ಮರುಳಸಿದ್ದಯ್ಯನವರು ನಡುಮನೆಯಲ್ಲಿ ನಿಂತು, ಹಳೆಯ ಹೊದಿಕೆಯೊಂದನ್ನು ಸರ್ರನೆ ಎಳೆದು ತಮ್ಮ ಹೊಸ ಯಂತ್ರವನ್ನು ಲೋಕಾರ್ಪಣೆ ಮಾಡಿದರು. ಲೋಕವೆಂದರೆ ಇಬ್ಬರೇ: ಹೆಂಡತಿ ಸರ್ವಮಂಗಳಮ್ಮ ಮತ್ತು ಸೊಸೆ ಶಾಂಭವಿ. ಮಗ ಷಡಕ್ಷರಿ ಆರು ವರ್ಷದ ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ಗುಬ್ಬಿಯ ಅಕ್ಕನ ಮನೆಗೆ ಹೋಗಿದ್ದ. ಮನೆ ನಿಶ್ಶಬ್ದವಾಗಿದ್ದರೆ ಹೆಂಡತಿ ತನ್ನ ಲೇಖನ ಮುಗಿಸಿಯಾಳು ಎಂದು ಅವನ ಆಸೆ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಿತ್ತು ಎನ್ನುವುದು ಶಾಂಭವಿಗೆ ಈಗ ಹೊಳೆಯಿತು.

ಮಾವನವರು ಮೂವತ್ತು ವರ್ಷ ತುಮಕೂರಿನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಉಪಕರಣ ರಿಪೇರಿ ಮಾಡಿ ನಿವೃತ್ತರಾದವರು. ಕೈ ಮಾತ್ರ ನಿವೃತ್ತಿಗೆ ಒಪ್ಪಿರಲಿಲ್ಲ. ಹಿಂದಿನ ವರ್ಷ ಅವರು ಮಾಡಿದ್ದು ಕುಕ್ಕರ್ ಕೂಗು ಎಣಿಸಿ ಸ್ಟೌ ಆರಿಸುವ ಯಂತ್ರ. ಅದು ಪಕ್ಕದ ಮನೆಯ ಕುಕ್ಕರಿನ ಕೂಗನ್ನೂ ಸೇರಿಸಿ ಎಣಿಸುತ್ತಿತ್ತು. ಎಂಟು ದಿನ ಮನೆಮಂದಿ ಬೇಯದ ಬೇಳೆ ತಿಂದರು.

ಈ ಸಲದ್ದು ಮಗುವಿನ ಮೂರು ಚಕ್ರದ ಸೈಕಲ್ಲಿನ ಮೇಲೆ ಕೂತ ಹೊಲಿಗೆ ಯಂತ್ರದಂತೆ ಕಾಣುತ್ತಿತ್ತು. ಮೇಜುದೀಪದ ಬಾಗುವ ಕತ್ತು, ಅದರ ತುದಿಗೆ ಮೊಬೈಲಿನ ಕ್ಯಾಮೆರಾ ಕಣ್ಣು. ಒಂದು ಕೈಗೆ ಕತ್ತರಿ, ಇನ್ನೊಂದಕ್ಕೆ ಟೈಪು ಮಾಡುವ ಹತ್ತು ರಬ್ಬರ್ ಬೆರಳು. ಬಾಯಿಯ ಜಾಗದಲ್ಲಿ ಬಸ್ ಕಂಡಕ್ಟರುಗಳು ಟಿಕೆಟ್ ಕೊಡುವ ಪುಟ್ಟ ಯಂತ್ರ. ಕೆಳಗೆ ಸ್ಕೂಟರಿನ ಬ್ಯಾಟರಿ. ಹೊಟ್ಟೆಯೊಳಗೆ, ನಾಲ್ಕು ಸ್ಕ್ರೂಗಳ ಹಿಂದೆ, ಶಾಂಭವಿಯ ಲ್ಯಾಪ್‌ಟಾಪ್.

"ನೋಡವ್ವ, ಇನ್ನು ನೀನು ಕೈ ಕಟ್ಕೊಂಡು ಕೂತ್ಕೊ," ಎಂದರು ಮಾವ. "ನಿನ್ನ ಲೇಖನ ಇದೇ ತಿದ್ದುತ್ತೆ, ಇದೇ ಕಳಿಸುತ್ತೆ."

ಕೇಳದೆ ಲ್ಯಾಪ್‌ಟಾಪ್ ಬಿಚ್ಚಿದ್ದಕ್ಕೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡುವುದಕ್ಕೂ ಒಂದಿಷ್ಟು ಕಸುವು ಬೇಕು. ಶಾಂಭವಿಯ ಕಸುವೆಲ್ಲ 'ಲೇಖಕರಿಗೆ ಸೂಚನೆಗಳು' ಎಂಬ ಹತ್ತೊಂಬತ್ತು ಪುಟ ತಿಂದುಹಾಕಿದ್ದವು. ಸಾಲಿಗೊಂದು ಸಂಖ್ಯೆ ಇರಲಿ, ಚಿತ್ರಗಳು ಬೇರೆ ಕಡತದಲ್ಲಿರಲಿ, ಉಲ್ಲೇಖಗಳಲ್ಲಿ ವರ್ಷ ಮೊದಲು ಬರಲಿ. ಅಲ್ಲ, ಕೊನೆಗೆ ಬರಲಿ. ಹುಣಸೆ ಎಲೆಗಳು ಸಂಜೆ ಯಾಕೆ ಮಡಚಿಕೊಳ್ಳುತ್ತವೆ ಎಂದು ನಾಲ್ಕು ವರ್ಷ ಹನ್ನೆರಡು ಮರಗಳ ಕೆಳಗೆ ಕೂತು ಬರೆದುಕೊಂಡದ್ದೇ ಅವಳಿಗೆ ಸುಲಭವಾಗಿತ್ತು. ಅದನ್ನು ಹೊರದೇಶದ ಪತ್ರಿಕೆಯೊಂದಕ್ಕೆ ಒಪ್ಪುವ ಹಾಗೆ ಮಾಡುವಷ್ಟರಲ್ಲಿ ಬೆನ್ನು ಬಾಗಿತ್ತು.

ಲೇಖನವನ್ನು ಪತ್ರಿಕೆಯವರು ಇಬ್ಬರು ಪರಿಶೀಲಕರಿಗೆ ಕಳಿಸಿದ್ದರು. ಮೊದಲನೆಯವರು ಚೆನ್ನಾಗಿದೆ ಎಂದು ಸುಮ್ಮನಾದರು. ಎರಡನೆಯವರು ಮಾತ್ರ ಮೂರು ಸಲ ಮೂರು ಪತ್ರ ಬರೆದು ಮೂರರಲ್ಲೂ ಅದನ್ನೇ ಕೇಳಿದ್ದರು: ಇದಕ್ಕೆ ಆಧಾರವೇನು, ಇದು ಯಾಕಿಷ್ಟು ಉದ್ದ, ಇದರಲ್ಲಿ ಹೊಸದೇನು. ಕೊನೆಯ ಅವಕಾಶ ಈ ಶನಿವಾರ ಸಂಜೆ ಆರೂವರೆಗೆ ಮುಗಿಯುತ್ತಿತ್ತು. ತಪ್ಪಿದರೆ ಈ ವರ್ಷ ಏನೂ ಪ್ರಕಟವಾಗುವುದಿಲ್ಲ. ಪ್ರಕಟವಾಗದಿದ್ದರೆ ಸಂಶೋಧನೆಗೆಂದು ಅವಳು ಪಾಠ ಮಾಡುವ ಕಾಲೇಜಿನವರು ಕೊಟ್ಟಿದ್ದ ವಾರದ ಎರಡು ಮಧ್ಯಾಹ್ನಗಳು ಹೋಗುತ್ತವೆ. ಆ ಎರಡು ಮಧ್ಯಾಹ್ನ ಹೋದರೆ ಮರಗಳೂ ಹೋದಂತೆಯೇ.

ಮಾವನವರು ಅದನ್ನೆಲ್ಲ ಯೋಚಿಸಿಯೇ ಮಾಡಿದ್ದರು. ಎರಡನೇ ಪರಿಶೀಲಕರ ಮೂರೂ ಪತ್ರಗಳನ್ನು ಯಂತ್ರಕ್ಕೆ ಓದಿಸಿ, ಅವರು ಎಲ್ಲೆಲ್ಲಿ ತಕರಾರು ಎತ್ತುತ್ತಾರೋ ಅಲ್ಲೆಲ್ಲ ತಾನೇ ಮೊದಲು ಎತ್ತುವ ಹಾಗೆ ಪಳಗಿಸಿದ್ದರು. ಬದಲಾಯಿಸಿದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದು ತೋರಿಸಿ ಎಂದು ಪತ್ರಿಕೆಯವರು ಕೇಳಿದ್ದರಲ್ಲ, ಹಾಗೆ ಬಳಿದ ಹದಿನೇಳು ಕಡೆ ಮಾತ್ರ ಯಂತ್ರ ಕೈ ಹಾಕುತ್ತದೆ. ಮುದ್ರಿಸಿದ ಪುಟದಲ್ಲಿ ಹಳದಿ ಕಂಡರೆ ಹೊಟ್ಟೆಯೊಳಗಿನ ಕಡತದಲ್ಲಿ ಅದನ್ನು ತಿದ್ದುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಕಣ್ಣಿಗೆ ಎಲ್ಲೂ ಹಳದಿ ಬೀಳದಿದ್ದಾಗ ಕೆಲಸ ಮುಗಿಯಿತೆಂದು ತಿಳಿದು ತಾನೇ ಕಳಿಸಿಬಿಡುತ್ತದೆ.

ಹದಿನೇಳೇ ಕಡೆ ತಾನೇ ಎಂದು ಶಾಂಭವಿ ಸಮಾಧಾನ ಮಾಡಿಕೊಂಡಳು. ಹಿಂದಿನ ರಾತ್ರಿ ಮುದ್ರಿಸಿದ್ದ ಮೂವತ್ತನಾಲ್ಕು ಪುಟಗಳನ್ನು ಮೇಜಿನ ಮೇಲಿಟ್ಟು, ಹತ್ತು ನಿಮಿಷ ಬೆನ್ನು ಚಾಚುವುದಕ್ಕೆ ಒಳಗೆ ಹೋದಳು.

ಕಣ್ಣು ಹತ್ತಿಬಿಟ್ಟಿತು. ಎದ್ದು ಬಂದಾಗ ಯಂತ್ರ ಆರನೆಯ ಪುಟ ತಿದ್ದುತ್ತಿತ್ತು. ಮೊದಲ ಐದು ಪುಟಗಳು ಸೇರಿ ಆರು ಸಾಲಾಗಿದ್ದವು. ಕಂಡಕ್ಟರ್ ಬಾಯಿಂದ ಚೀಟಿಗಳು ನೆಲಕ್ಕೆ ಉದುರುತ್ತಿದ್ದವು. 'ಆಧಾರವೇನು?' 'ಅತಿ ದೀರ್ಘ.' 'ಪೀಠಿಕೆಗೇ ಪೀಠಿಕೆ ಬರೆದಿದ್ದೀರಿ.' ಶಾಂಭವಿ ಪುಟವೊಂದನ್ನು ಕೈಗೆತ್ತಿಕೊಂಡಳು. ನಾಲ್ಕೂ ಮೂಲೆಯಲ್ಲಿ ಹೆಬ್ಬೆರಳಗಲ ಹಳದಿ. ಮಧ್ಯೆಯೂ ಅಲ್ಲಲ್ಲಿ ಒರೆಸಿದಂತೆ ಹಳದಿ. ಮೂಸಿ ನೋಡಿದಳು.

"ಅತ್ತೆ, ಇದಕ್ಕೆ ಅರಿಶಿನ ಹಚ್ಚಿದ್ದೀರಾ?"

"ಮತ್ತಿನ್ನೇನು," ಎಂದರು ಸರ್ವಮಂಗಳಮ್ಮ, ಬಟ್ಟಲು ತೊಳೆಯುತ್ತ. "ಲಗ್ನಪತ್ರಿಕೆಗೆ ಹಚ್ಚಲ್ವಾ? ಒಳ್ಳೆ ಕೆಲಸಕ್ಕೆ ಸಮುದ್ರ ದಾಟಿ ಹೋಗೋ ಕಾಗದ, ಬೋಳಾಗಿ ಕಳಿಸ್ತಾರಾ? ಒಂದಕ್ಕೆ ಹಚ್ಚಿ ಒಂದಕ್ಕೆ ಬಿಟ್ರೆ ಚೆನ್ನಾಗಿರಲ್ಲ ಅಂತ ಎಲ್ಲಕ್ಕೂ ಹಚ್ಚಿದೆ. ಎರಡು ಸಲ ಬಟ್ಟಲು ತುಂಬಿಸ್ಕೊಂಡೆ."

ಮಾವನವರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ತಮ್ಮ ಒಂದು ಯಂತ್ರವನ್ನೂ ನೆಟ್ಟಗೆ ನಡೆಯಲು ಬಿಡಲಿಲ್ಲ ಎಂದು ಹೆಂಡತಿಯ ಮೇಲೆ ಆರೋಪ ಹೊರಿಸಿದರು. ನೆಟ್ಟಗೆ ನಡೆಯುವಂಥದ್ದನ್ನು ಯಾವಾಗ ಮಾಡಿದ್ದಿರಿ ಎಂದು ಸರ್ವಮಂಗಳಮ್ಮ ಕೇಳಿದರು. ಮೂವತ್ತೆಂಟು ವರ್ಷದ ಎಲ್ಲ ಯಂತ್ರಗಳೂ ಒಂದೊಂದಾಗಿ ಹೊರಬಂದವು. ಆ ಮಾತಿನ ನಡುವೆಯೇ ಶಾಂಭವಿ, ಇದನ್ನು ನಿಲ್ಲಿಸುವ ಸ್ವಿಚ್ಚು ಯಾವುದು ಎಂದು ವಿಚಾರಿಸಿದಳು.

ಸ್ವಿಚ್ಚು ಇರಲಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದು ಎನ್ನುವುದು ಮಾವನವರ ತತ್ತ್ವ. ಬ್ಯಾಟರಿ ಕಿತ್ತರೆ ಅದರ ಹಿಡಿತದಲ್ಲಿರುವ ಕಡತವೂ ಅಳಿದುಹೋಗುತ್ತದೆ. ಶಾಂಭವಿಯ ಬಳಿ ಬೇರೆಯಾಗಿ ಇದ್ದದ್ದು ಹದಿನೈದು ದಿನದ ಹಿಂದಿನ ಪ್ರತಿ, ಎರಡನೇ ಪರಿಶೀಲಕರಿಗೆ ಒಂದೂ ಉತ್ತರವಿಲ್ಲದ್ದು. ಅದನ್ನು ಕಳಿಸುವುದೂ ಒಂದೇ, ಕಳಿಸದಿರುವುದೂ ಒಂದೇ. ಕಾಗದಗಳನ್ನು ಕಿತ್ತುಕೊಳ್ಳಲು ಹೋದರೆ ಯಂತ್ರ ಕತ್ತರಿ ಆಡಿಸಿತು.

ಅವಳು ಕುರ್ಚಿ ಎಳೆದುಕೊಂಡು ಯಂತ್ರದ ಪಕ್ಕ ಕೂತಳು. ಒಂದೊಂದೇ ಪುಟ ಕರಗುವುದನ್ನು ನೋಡುತ್ತ ಹೋದಳು. ಮಳೆಗಾಲದ ಪಟ್ಟಿ ಹೋಯಿತು. ಮೂರನೆಯ ಮರದ ಕಥೆ ಹೋಯಿತು. ಅಳುವಷ್ಟು ಬೇಸರವಾಗಿತ್ತು, ಆದರೆ ಅಳುವುದಕ್ಕೆ ಎದ್ದು ಬಚ್ಚಲಿಗೆ ಹೋಗಬೇಕಲ್ಲ ಎಂದು ಸುಮ್ಮನಾದಳು.

ನಾಲ್ಕೂವರೆಗೆ ಪುಟಗಳು ಮುಗಿದವು. ಇನ್ನೇನು ಕಳಿಸುತ್ತದೆ ಎಂದುಕೊಳ್ಳುವಷ್ಟರಲ್ಲಿ ಯಂತ್ರ ಕತ್ತು ಎತ್ತಿ ಮೇಜಿನ ಆ ತುದಿ ನೋಡಿತು. ಅಲ್ಲಿ ಒಂದು ಚಿಪ್ಪು ಬಾಳೆಹಣ್ಣಿತ್ತು. ಸೈಕಲ್ ಚಕ್ರ ಕಿರ್ರೆಂದು ತಿರುಗಿತು. ಕತ್ತರಿ ಕಚಕಚ ಎಂದಿತು. ಹನ್ನೊಂದು ಹಣ್ಣು ಕೆಳಗೆ ಬಿದ್ದವು. ಚೀಟಿ ಬಂತು: 'ಎಲ್ಲ ಚಿತ್ರಗಳೂ ಒಂದೇ ತೆರ. ಒಂದು ಸಾಕು.'

ಆಮೇಲೆ ಅದು ಅಡುಗೆಮನೆಗೆ ನಡೆಯಿತು. ಮಧ್ಯಾಹ್ನ ಉಳಿದ ಚಿತ್ರಾನ್ನದಲ್ಲಿ ಮೂರರಲ್ಲಿ ಎರಡು ಪಾಲು ತೆಗೆದು ಸಿಂಕಿಗೆ ಹಾಕಿ, 'ಸಾರಾಂಶ ಸಾಕು' ಎಂದು ಬರೆಯಿತು. ಮುಂಬಾಗಿಲ ಹೊಸ್ತಿಲ ಅರಿಶಿನದ ಮುಂದೆ ನಿಂತು, 'ಈ ವಿಧಾನ ಪ್ರತಿ ಶುಕ್ರವಾರ ಏಕೆ? ನಿಯಂತ್ರಿತ ಪ್ರಯೋಗ ಆಗಿದೆಯೇ?' ಎಂದು ಕೇಳಿತು. ಕೊನೆಗೆ ಸರ್ವಮಂಗಳಮ್ಮನವರ ಕಡೆ ತಿರುಗಿತು. ಅವರು ಹಿಂದಿನ ದಿನವಷ್ಟೇ ಕೆನ್ನೆ ತುಂಬ ಅರಿಶಿನ ಹಚ್ಚಿಕೊಂಡು ಮಿಂದವರು. ಯಂತ್ರ ಅವರನ್ನು ಬಹಳ ಹೊತ್ತು ನೋಡಿತು. ಚೀಟಿ ಉದ್ದಕ್ಕೆ ಬಂತು. ಶಾಂಭವಿ ಓದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನಂತೆ ಅದರದ್ದು?"

"ಏನಿಲ್ಲ ಬಿಡಿ ಅತ್ತೆ. ಚೆನ್ನಾಗಿದ್ದೀರ ಅಂತ."

"ಅಷ್ಟುದ್ದ ಐತಲ್ಲ?"

ಮುಖ ತೊಳೆದು ಬನ್ನಿ ಎಂದು ಶಾಂಭವಿ ಅವರನ್ನು ಒಳಗೆ ಕಳಿಸಿದಳು. ಆ ಕ್ಷಣದಲ್ಲೇ ಅವಳಿಗೆ ದಾರಿಯೂ ಕಂಡಿತು. ಹಳದಿ ಕಾಣುತ್ತಿರುವಷ್ಟು ಹೊತ್ತು ಇದು ತಿದ್ದುತ್ತದೆ, ಕಾಣದಿದ್ದರೆ ಕಳಿಸುತ್ತದೆ. ಹಾಗಿದ್ದರೆ ಮನೆಯಲ್ಲಿ ಹಳದಿಯೇ ಇರಬಾರದು. ಐದು ಗಂಟೆಯಾಗಿತ್ತು.

ಮೂವರೂ ಸೆರಗು, ಪಂಚೆ ಎತ್ತಿ ಕಟ್ಟಿದರು. ಅತ್ತೆ ಕೆನ್ನೆ ಉಜ್ಜಿಕೊಂಡು ಬಂದು ಹೊಸ್ತಿಲು ಉಜ್ಜಿದರು. ಮದುವೆಯಾದಾಗಿನಿಂದ ಬೋಳು ಹೊಸ್ತಿಲು ನೋಡಿರಲಿಲ್ಲ ಎಂದು ಗೊಣಗುತ್ತಲೇ ಉಜ್ಜಿದರು. ಮಾವ ನಿಂಬೆಹಣ್ಣು, ಬೇಳೆ ಡಬ್ಬ, ಮೊಮ್ಮಗಳ ಬಣ್ಣದ ಪೆಟ್ಟಿಗೆ, ತಮ್ಮದೇ ಶಾಲು ಎಲ್ಲವನ್ನೂ ಕೋಣೆಗೆ ತುರುಕಿ ಬಾಗಿಲು ಹಾಕಿದರು. ಶಾಂಭವಿ ಹಳದಿ ಪರದೆ ಬಿಚ್ಚಿದಳು, ಗಂಜಿ ಪಾತ್ರೆಯ ಹಿತ್ತಾಳೆ ಮುಚ್ಚಳ ತೆಗೆದು ಒಳಗಿಟ್ಟಳು. ದೀಪಾವಳಿಗೂ ಆ ಮನೆ ಅಷ್ಟು ಚೊಕ್ಕಟವಾಗಿರಲಿಲ್ಲ. ಯಂತ್ರ ಅವರ ಹಿಂದೆ ಹಿಂದೆಯೇ ಕತ್ತು ತಿರುಗಿಸುತ್ತ ಓಡಾಡಿತು. ಸೇಬಿನ ಮೇಲಿನ ಹಳದಿ ಚುಕ್ಕಿಯನ್ನೂ ಬಿಡಲಿಲ್ಲ.

ಐದೂಮುಕ್ಕಾಲಿಗೆ ಚೀಟಿ ನಿಂತಿತು. ಯಂತ್ರ ನಡುಮನೆಯಲ್ಲಿ ನಿಂತು ಒಂದು ಸುತ್ತು ನೋಡಿತು. ಹತ್ತು ರಬ್ಬರ್ ಬೆರಳು ಮೇಲಕ್ಕೆದ್ದವು. ಮೂವರೂ ಉಸಿರು ಹಿಡಿದರು.

ಆಗ ಪರದೆಯಿಲ್ಲದ ಪಡುವಣ ಕಿಟಕಿಯಿಂದ ಸಂಜೆಯ ಬಿಸಿಲು ಒಳಗೆ ಬಂತು. ನೆಲ, ಗೋಡೆ, ಫ್ರಿಜ್ಜು, ಮಾವನವರ ಬೋಳು ತಲೆ ಎಲ್ಲವೂ ಒಮ್ಮೆಗೇ ಅಚ್ಚ ಹಳದಿ.

ಯಂತ್ರ ಒಂದು ಗಳಿಗೆ ನಡುಗಿತು. ಇಷ್ಟೊಂದು ತಿದ್ದುಪಡಿ ಅದು ಜೀವಮಾನದಲ್ಲಿ ಕಂಡಿರಲಿಲ್ಲ. ಗೋಡೆಗೊಂದು, ಫ್ರಿಜ್ಜಿಗೊಂದು ಚೀಟಿ ಕೊಟ್ಟಿತು. ಮಾವನವರ ತಲೆಗೆ 'ಇಲ್ಲಿ ಮಾಹಿತಿ ಕಡಿಮೆ' ಎಂದಿತು. ಶಾಂಭವಿ ಕಿಟಕಿ ಮುಚ್ಚಲು ಓಡಿದಳು. ಅಷ್ಟರಲ್ಲಿ ಯಂತ್ರ ಬೆಳಕಿನ ಜಾಡು ಹಿಡಿದು ಮುಂಬಾಗಿಲು ದಾಟಿ ಅಂಗಳಕ್ಕಿಳಿದಿತ್ತು. ಕಾಂಪೌಂಡಿನ ಆಚೆ ಬಯಲು, ಬಯಲಿನ ಆಚೆ ಸೂರ್ಯ. ಯಂತ್ರ ಕತ್ತು ನೆಟ್ಟಗೆ ಮಾಡಿ ಸೂರ್ಯನನ್ನು ದಿಟ್ಟಿಸಿತು. ಕಂಡಕ್ಟರ್ ಬಾಯಿ ಟರ್ರೆಂದಿತು.

ಮಾವನವರು ಚೀಟಿ ಹರಿದು, ಕನ್ನಡಕ ಏರಿಸಿ, ನಿಧಾನವಾಗಿ ಓದಿದರು: "ಇದೇ ಫಲಿತಾಂಶ ನಿನ್ನೆಯೂ ಬಂದಿದೆ. ಹೊಸದೇನು?"

ಯಾರೂ ನಗಲಿಲ್ಲ. ಸೂರ್ಯನನ್ನು ಉಜ್ಜಿ ತೊಳೆಯುವಂತಿಲ್ಲ, ಕೋಣೆಗೆ ತುರುಕುವಂತಿಲ್ಲ. ಯಂತ್ರದ ಕಣ್ಣಿಗೆ ಟವೆಲು ಹೊದಿಸಲು ಮಾವ ಹೋದರು. ಟವೆಲು ಎರಡು ತುಂಡಾಯಿತು. ಇನ್ನು ಸೂರ್ಯ ಮುಳುಗುವವರೆಗೆ ಕಾಯುವುದೊಂದೇ ಉಳಿದದ್ದು. ಶಾಂಭವಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಅತ್ತೆ ಬಂದು ಪಕ್ಕದಲ್ಲಿ ಕೂತರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೊಸೆಯ ಬೆನ್ನ ಮೇಲಿಟ್ಟರು. ತಾನು ಅರಿಶಿನ ಹಚ್ಚಬಾರದಿತ್ತೇನೋ ಎಂದು ಮೆಲ್ಲಗೆ ಹೇಳಿದರು. ಇರಲಿ ಬಿಡಿ ಎಂದಳು ಶಾಂಭವಿ. ನಾಲ್ಕು ವರ್ಷದಿಂದ ಪ್ರತಿ ಸಂಜೆ ಅವಳು ನೋಡುತ್ತಿದ್ದದ್ದು ಗಡಿಯಾರ ಮತ್ತು ಎಲೆ. ಆಕಾಶವನ್ನು ಹೀಗೆ ಸುಮ್ಮನೆ ನೋಡಿ ಎಷ್ಟು ಕಾಲವಾಯಿತೋ. ಕಣ್ಣು ತಾನಾಗಿ ಮುಚ್ಚಿಕೊಂಡು ಬಂತು.

ಆರು ಗಂಟೆ. ಆರೂಕಾಲು. ಸೂರ್ಯ ಮುಳುಗಿದ, ಹಳದಿ ಮುಳುಗಲಿಲ್ಲ. ಮೋಡದಂಚುಗಳನ್ನೆಲ್ಲ ಯಂತ್ರ ಒಂದೊಂದಾಗಿ ತಿದ್ದಿತು. ಆರೂ ಇಪ್ಪತ್ತಾರಕ್ಕೆ ಬಾನು ಕೆಂಪಾಯಿತು. ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಬೀದಿದೀಪ ಹತ್ತುವುದರೊಳಗೆ ಕಳಿಸಿಬಿಡಲಿ ಎಂದು ಮಾವನವರು ಗಂಟಲಲ್ಲೇ ಬೇಡಿಕೊಂಡರು. ಅವರ ಬೀದಿಯ ದೀಪವೂ ಹಳದಿಯೇ.

ರಬ್ಬರ್ ಬೆರಳುಗಳು ಇಳಿದವು. ಆರೂ ಇಪ್ಪತ್ತೆಂಟಕ್ಕೆ ಕೊನೆಯ ಚೀಟಿ ಬಂತು: 'ಕಳಿಸಲಾಗಿದೆ.' ಯಂತ್ರ ಕತ್ತು ಬಗ್ಗಿಸಿ ಸುಮ್ಮನಾಯಿತು. ಮರುಕ್ಷಣವೇ ದೀಪ ಹತ್ತಿತು. ಏನು ಕಳಿಸಲಾಗಿದೆ ಎಂದು ನೋಡುವ ಧೈರ್ಯ ಶಾಂಭವಿಗಿರಲಿಲ್ಲ. ಊಟ ಮಾಡದೆ ಮಲಗಿದಳು.

ಮರುದಿನ ಬೆಳಿಗ್ಗೆ ಮಾವನವರು ನಾಲ್ಕು ಸ್ಕ್ರೂ ಬಿಚ್ಚಿ ಲ್ಯಾಪ್‌ಟಾಪನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಯಂತ್ರ ಹಿತ್ತಿಲಿಗೆ ಹೋಗಿ ನೀಲಿ ಟಾರ್ಪಾಲಿನ ಕೆಳಗೆ ಸೇರಿತು. ಶಾಂಭವಿ ಕಡತ ತೆರೆದಳು. ಮೂವತ್ತನಾಲ್ಕು ಪುಟದ ಲೇಖನ ಎರಡು ಪುಟವಾಗಿತ್ತು. ಓದುತ್ತ ಓದುತ್ತ ಅವಳಿಗೆ ವಿಚಿತ್ರ ಸಂಕಟವಾಯಿತು. ಅವಳು ಕಂಡುಹಿಡಿದದ್ದೆಲ್ಲ ಅಲ್ಲಿತ್ತು. ಕಂಡುಹಿಡಿಯುವಾಗ ಪಟ್ಟ ಪಾಡು ಮಾತ್ರ ಇರಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಅತ್ತೆ ನಡುಮನೆಯಲ್ಲಿ ಕೂತು ಅವರೆಕಾಳು ಹಿಚುಕುತ್ತಿದ್ದರು, ಮಾವ ಎದುರಿಗೆ ಕೂತು ಸಿಪ್ಪೆ ಆರಿಸುತ್ತಿದ್ದರು. ಶಾಂಭವಿ ಮೊಬೈಲು ಹಿಡಿದು ಕನ್ನಡದಲ್ಲಿ ಹೇಳುತ್ತ ಹೋದಳು. ಲೇಖನ ಒಪ್ಪಿಗೆಯಾಗಿದೆ. ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಎರಡನೇ ಪರಿಶೀಲಕರು, ತಮ್ಮ ಮನಸ್ಸನ್ನು ಇಷ್ಟು ಚೆನ್ನಾಗಿ ಅರಿತ ಲೇಖಕರನ್ನು ಇದುವರೆಗೆ ಕಂಡಿರಲಿಲ್ಲ ಎಂದು ಬರೆದಿದ್ದಾರೆ. ಮಾವನವರು ಹಿತ್ತಿಲ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿದರು. ಒಂದೇ ಒಂದು ತಕರಾರಂತೆ, ಎಂದಳು ಶಾಂಭವಿ: ಕೊನೆಯ ಪುಟದ ಕೃತಜ್ಞತೆ ಲೇಖನದ ಅರ್ಧದಷ್ಟಿದೆ. ಆದರೂ ಅದರಲ್ಲಿ ತೆಗೆಯುವಂಥ ಒಂದು ಸಾಲೂ ಕಾಣುತ್ತಿಲ್ಲವಾದ್ದರಿಂದ ಹಾಗೇ ಇರಲಿ ಎಂದಿದ್ದಾರೆ.

"ಅದೊಂದು ಪುಟ ಹೆಂಗೆ ಉಳೀತು?" ಮಾವ ಕೇಳಿದರು.

ಎರಡನೇ ಬಟ್ಟಲೂ ಅಷ್ಟೊತ್ತಿಗೆ ಖಾಲಿಯಾಗಿತ್ತು ಎಂದರು ಅತ್ತೆ. ಕೊನೇ ಪುಟ ತಾನೇ, ಅದರಲ್ಲೇನಿರುತ್ತೆ ಅಂತ ಬಿಟ್ಟುಬಿಟ್ಟರಂತೆ.

ಅದರಲ್ಲಿದ್ದದ್ದನ್ನು ಶಾಂಭವಿ ಓದಿ ಹೇಳಿದಳು. ನಾಲ್ಕು ವರ್ಷ ಪ್ರತಿ ಸಂಜೆ ಮಗುವಿಗೆ ಉಣಿಸಿದವರು, ಜ್ವರ ಬಂದಾಗ ಎತ್ತಿಕೊಂಡು ಓಡಾಡಿದವರು, ಅಮ್ಮ ಎಲ್ಲಿ ಎಂದು ಅದು ಕೇಳಿದಾಗಲೆಲ್ಲ ಮರಗಳನ್ನು ಮಲಗಿಸಲು ಹೋಗಿದ್ದಾಳೆ ಎಂದು ಸಮಾಧಾನ ಹೇಳಿದವರು. ಅವರಿಲ್ಲದಿದ್ದರೆ ಈ ಲೇಖನದ ಒಂದು ಅಂಕಿಯೂ ಇರುತ್ತಿರಲಿಲ್ಲ. ಕೊನೆಯಲ್ಲಿ ಸರ್ವಮಂಗಳಮ್ಮ ಎಂದು ಹೆಸರು. ಓದಿ ಮುಗಿಸಿ ಶಾಂಭವಿ ಮೊಬೈಲು ಕೆಳಗಿಟ್ಟಳು.

ಅತ್ತೆ ನಾಲ್ಕಾರು ಕಾಳು ಹಿಚುಕಿ ಬಟ್ಟಲಿಗೆ ಹಾಕಿದರು.

"ಇಷ್ಟೆಲ್ಲಾ ಬರೆಯೋ ಹೊತ್ನಲ್ಲಿ ಒಂದು ದಿನ ಬೇಗ ಮನೆಗೆ ಬಂದಿದ್ರೆ ಆಗ್ತಿತ್ತಲ್ಲವ್ವ," ಎಂದರು.